ಹಿಂದೆ ಕೇಳ್ತದಾ?

ನಮ್ಮ ಹಿರಿಯಡ್ಕದಲ್ಲಿ ಮೈಕ ಎಂದರೆ ಮಾತಾಡುವ ವಸ್ತು. ಮರಕ್ಕೆ ಕಟ್ಟಿದ ಸ್ಪೀಕರು, ಅದರ ವಯರು, ಆಂಪ್ಲಿಫಯರು, ಇವನ್ನೆಲ್ಲ ಹೊತ್ತು ತರುವ ಟೆಂಪೊ, ಆ ಟೆಂಪೊ ಓಡಿಸುವ ನನ್ನ ಅಪ್ಪ, ಎಲ್ಲ ಸೇರಿದರೆ ಮೈಕ. "ಮೈಕ ಬಂತಾ?" ಎಂದು ಜನ ಕೇಳಿದರೆ ಅಪ್ಪ "ಬಂದೆ, ಬಂದೆ" ಎನ್ನುತ್ತಿದ್ದರು. ಮೈಕೆಂಬುದು ಅಸಲಿಗೆ ಕೇಳಿಸಿಕೊಳ್ಳುವ ವಸ್ತು ಎಂದು ನನಗೆ ತಿಳಿದದ್ದು ಮಣಿಪಾಲದಲ್ಲಿ ಸಿನಿಮಾದ ಧ್ವನಿಗ್ರಹಣ ಕಲಿಯಲು ಸೇರಿದ ಮೇಲೆ. ಮೈಕದವನ ಮಗ ಮೈಕು ಎಂದರೇನೆಂದು ಕಲಿಯಲು ಕಾಲೇಜಿಗೆ ಹೋದದ್ದು ಊರಿಗೆಲ್ಲ ತಮಾಷೆಯಾಗಿತ್ತು.

ಅಲ್ಲಿ ಮೈಕುಗಳ ಜಾತಿ, ಕುಲ, ಸ್ವಭಾವ ಎಲ್ಲ ಹೇಳಿಕೊಟ್ಟರು. ಅಪ್ಪನ ಕೈಯಲ್ಲಿದ್ದದ್ದು ಡೈನಮಿಕ್. ಬಾಯಿಯ ಹತ್ತಿರ ಹಿಡಿದು ಕೂಗಿದರೆ ಮಾತ್ರ ಅದಕ್ಕೆ ಗಮನ. ಶಾಟ್‌ಗನ್ ಎಂಬ ನೀಳ ಮೈಕು ತಾನು ಮುಖ ಮಾಡಿದ ಕಡೆಯದನ್ನು ಕೇಳಿ, ಅಕ್ಕಪಕ್ಕದ್ದಕ್ಕೆ ಕಿವುಡಾಗುತ್ತದೆ. ಅದನ್ನು ಬೂಮ್ ಎಂಬ ಉದ್ದ ಕೋಲಿಗೆ ಸಿಕ್ಕಿಸಿ, ಕ್ಯಾಮರಾಕ್ಕೆ ಕಾಣದ ಹಾಗೆ ತಲೆಯ ಮೇಲೆ ಹಿಡಿಯಬೇಕು. ಅದು ಚಿತ್ರದೊಳಗೆ ಇಣುಕಿತೋ, ಹಿಡಿದವನ ಮಾನ ಹೋಯಿತು. ಇನ್ನು ಅಂಗಿಗೆ ಸಿಕ್ಕಿಸುವ ಲೇಪಲ್, ಕಡಲೆಕಾಳಿನಷ್ಟು ಇದ್ದುಕೊಂಡು ಎಲ್ಲ ದಿಕ್ಕಿನದನ್ನೂ ಕೇಳುತ್ತದೆ. ನನ್ನ ಅಮ್ಮ ಈ ಜಾತಿಯವಳು. ಒಳಗೆ ಕಾಯಿ ತುರಿಯುತ್ತಲೇ ಗೇಟಿನ ಹತ್ತಿರ ಯಾರು ಏನು ಹೇಳಿದರೆಂದು ಒಪ್ಪಿಸುತ್ತಿದ್ದಳು.

ಕಾರ್ಯಕ್ರಮಗಳಿಗೆ ಅಮ್ಮನೂ ಟೆಂಪೊ ಹತ್ತುತ್ತಿದ್ದಳು, ನಾಟಕ ನೋಡುವ ಆಸೆಗೆ. ಅಪ್ಪ ಅವಳಿಗೂ ಒಂದು ಕೆಲಸ ಹಚ್ಚಿದ್ದರು. ಅವಳು ಕಟ್ಟಕಡೆಯ ಸಾಲಿನಲ್ಲಿ ಕೂರಬೇಕು. ಅಪ್ಪ ವೇದಿಕೆಯ ಮೇಲೆ ಮೈಕಿಗೆ ಎರಡು ಸಲ ಊದಿ, "ಹಲೋ, ಹಲೋ, ಹಿಂದೆ ಕೇಳ್ತದಾ?" ಎನ್ನುವರು. ಕೇಳಿದರೆ ಅವಳು ಕೈ ಎತ್ತಬೇಕು, ಸ್ಪೀಕರು ಕೀಂಯ್ ಎಂದರೆ ಕಿವಿ ಮುಚ್ಚಿ ತೋರಿಸಬೇಕು. ಆ ಕೈ ಮೇಲೇಳುವ ತನಕ ಅಪ್ಪ ಯಾವ ಅಧ್ಯಕ್ಷರಿಗೂ ಮೈಕು ಬಿಟ್ಟುಕೊಟ್ಟವರಲ್ಲ.

ಅಮ್ಮ ತೀರಿಕೊಂಡ ಮೇಲೆ ಅವಳ ದನಿಗಾಗಿ ಮನೆಯೆಲ್ಲ ಹುಡುಕಿದೆ. ಮೊಬೈಲಿನಲ್ಲಿ ಫೋಟೋಗಳಿವೆ, ಎಲ್ಲದರಲ್ಲೂ ಬಾಯಿ ಮುಚ್ಚಿಕೊಂಡಿದ್ದಾಳೆ. ಅದು ಅಮ್ಮನ ಲಕ್ಷಣವೇ ಅಲ್ಲ. ಕಪಾಟಿನ ತುಂಬ ಮೈಕುಗಳು, ಆದರೆ ನಮ್ಮವು ದನಿಯನ್ನು ದೊಡ್ಡದು ಮಾಡುವಂಥವು, ಇಟ್ಟುಕೊಳ್ಳುವಂಥವಲ್ಲ. ನನಗೆ ಬಹಳ ಸಂಕಟವಾಯಿತು. ಅಪ್ಪನ ದನಿಯನ್ನಾದರೂ ಹಿಡಿದಿಡೋಣವೆಂದರೆ ಅವರು ಮೈಕಿನ ಮುಂದೆ ಹಲೋ ಬಿಟ್ಟು ಬೇರೆ ಮಾತಾಡಿದವರಲ್ಲ. "ನಮ್ಮದು ಮೈಕ ಕಟ್ಟುವ ಕೆಲಸ. ಮಾತಾಡುವವರು ಬೇರೆ ಇದ್ದಾರೆ" ಎಂದು ಎದ್ದು ಹೋಗುತ್ತಿದ್ದರು.

ಕಳೆದ ವರ್ಷ ಹಳೆಯ ಮೈಕದವರ ಬಗ್ಗೆ ಕಿರುಚಿತ್ರ ಮಾಡಹೊರಟ ನನ್ನ ಗೆಳೆಯ ಅಪ್ಪನನ್ನು ಹೇಗೋ ಒಪ್ಪಿಸಿದ. ಹಿರಿಯಡ್ಕದಲ್ಲಿ ಬದುಕಿದ ಮನುಷ್ಯನನ್ನು ಕಾಪುವಿನ ಕಡಲ ಬದಿಯಲ್ಲಿ ಕೂರಿಸಬೇಕೆಂದು ಅವನ ಹಟ. ಸಿನಿಮಾದವರಿಗೆ ಸಮುದ್ರ ಕಂಡರೆ ಹಾಗೆಯೇ. ನಾನು ಲೇಪಲ್ ಸಿಕ್ಕಿಸಿದ್ದೇ ತಡ, ಅಪ್ಪ ಕುತ್ತಿಗೆ ಬಗ್ಗಿಸಿ ಅದಕ್ಕೆ ಎರಡು ಸಲ ಊದಿದರು. ಹೆಡ್‌ಫೋನಿನೊಳಗಿನ ನನ್ನ ಕಿವಿಗೆ ಗುಡುಗು ಬಡಿಯಿತು.

"ಇದಕ್ಕೆ ಊದಬಾರದು ಅಪ್ಪ."

"ಊದದಿದ್ರೆ ಜೀವ ಉಂಟಾ ಇಲ್ವಾ ಅಂತ ಗೊತ್ತಾಗುವುದು ಹೇಗೆ?"

ಕಡಲ ಗಾಳಿಗೆ ಲೇಪಲ್ ಸೋತಿತು. ಗಾಳಿ ತಡೆಯುವ ರೋಮದ ಚೀಲ ತೊಡಿಸಿ ಬೂಮ್ ಎತ್ತಿದೆ. ಅಪ್ಪ ತಲೆ ಎತ್ತಿ ನೋಡಿದರು. "ಇದೆಂತ ಮಾರಾಯ, ಬೆಕ್ಕನ್ನು ಕೋಲಿಗೆ ಕಟ್ಟಿದ್ದಾ?" ನಮ್ಮ ಕಸುಬಿನಲ್ಲಿ ಅದರ ಹೆಸರೇ ಸತ್ತ ಬೆಕ್ಕು ಎಂದು ಹೇಳುವ ಧೈರ್ಯವಾಗಲಿಲ್ಲ.

ಕ್ಯಾಮರಾ ಓಡತೊಡಗಿತು. ಗೆಳೆಯ "ಮಾತಾಡಿ" ಎಂದ. ಅಪ್ಪ ಗಂಟಲು ಸರಿಮಾಡಿಕೊಂಡು, "ಹಲೋ, ಹಲೋ" ಎಂದರು. ಆಮೇಲೆ ನಮ್ಮನ್ನೆಲ್ಲ ದಾಟಿ ಹಿಂದಿನ ಖಾಲಿ ಮರಳಿನ ಕಡೆ ನೋಡಿ, "ಹಿಂದೆ ಕೇಳ್ತದಾ?" ಎಂದು ಕಾದರು. ಬಾಯಭ್ಯಾಸಕ್ಕೆ ಬಂದ ಮಾತು. ಕೇಳಿದ ಮೇಲೆ ನೆನಪಾಗಿರಬೇಕು, ಅವರ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. ಬೂಮ್ ಹಿಡಿದವನ ಎರಡೂ ಕೈ ಮೇಲೆಯೇ ಇರುತ್ತವೆ, ಆದರೆ ಅದು ಅವರಿಗೆ ಉತ್ತರವಾಗುವುದಿಲ್ಲವಲ್ಲ. ಕೋಲಿನಿಂದ ಒಂದು ಕೈ ಬಿಡಿಸಿ ಎತ್ತಿ ತೋರಿಸಿದೆ. ಬೆಕ್ಕು ವಾಲಿ ಸೀದಾ ಅಪ್ಪನ ಮೂಗಿನ ಮುಂದೆ ಬಂದು ನಿಂತಿತು.

ಅಪ್ಪ ಬೆಕ್ಕನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ಸಣ್ಣಗೆ ನಕ್ಕು ಮಾತಿಗೆ ತೊಡಗಿದರು. "ಇವನ ಅಮ್ಮ ಹಿಂದೆ ಕೂರುತ್ತಿದ್ದಳು. ಮನೆಗೆ ಬಂದು ಬೈಯುವುದು, 'ಕೇಳ್ತದೆ ಮಾರಾಯ್ರೆ, ಒಮ್ಮೆ ಊದಿದ್ರೆ ಸಾಕಾಗುದಿಲ್ವಾ ನಿಮಗೆ?'" ಅಮ್ಮನ ಅದೇ ಎಳೆತ, ಕೊನೆಯಲ್ಲಿ ದನಿ ಏರಿಸುವ ಅದೇ ಧಾಟಿ. ಹೆಡ್‌ಫೋನಿನಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು.

ಗೆಳೆಯ ಆ ಭಾಗವನ್ನು ಚಿತ್ರದಿಂದ ತೆಗೆದುಬಿಟ್ಟ, ಮೈಕು ಕಾಣುತ್ತದಂತೆ. ನಾನು ಅದನ್ನು ಕೇಳಿ ಇಸಕೊಂಡೆ. ಇಷ್ಟು ಮೈಕುಗಳಿಂದ ತಪ್ಪಿಸಿಕೊಂಡಿದ್ದ ಅಮ್ಮ ಕಡೆಗೂ ಸಿಕ್ಕಿದ್ದಳು, ಅಪ್ಪನ ಬಾಯಲ್ಲಿ, ಬೈಯುತ್ತಾ.