ರಂಬುಟಾನ್ ಎಲೆಯ ಸುರುಳಿ

ವಾಮಂಜೂರಿನ ಆಸ್ಯಮ್ಮನಿಗೆ ಯಾರಿಗೂ ‘ಇಲ್ಲ’ ಎಂದು ಹೇಳಿ ಅಭ್ಯಾಸವಿಲ್ಲ. ಇದು ಒಳ್ಳೆಯ ಗುಣವೋ ಕಾಯಿಲೆಯೋ ಎಂದು ಮಗಳು ಶಮೀಮಾ ಆಗಾಗ ರೇಗುವುದುಂಟು. ಪಕ್ಕದ ಮನೆಯ ಮೋಹನದಾಸರು ಕಾಂಪೌಂಡಿನ ಆಚೆ ನಿಂತು, “ಆಸ್ಯಮ್ಮ, ನಿಮ್ಮ ಕಾಟುಮಾವಿನ ಮರದ ಕೆಂಪಿರುವೆ ಬಂದು ನನ್ನ ರಂಬುಟಾನ್ ಹಣ್ಣಿನ ಗಿಡದ ಎಲೆಯನ್ನೆಲ್ಲ ಸುತ್ತಿ ಹಾಳು ಮಾಡಿವೆ. ಆ ಮರ ಕಡಿಸಿಬಿಡಿ ಮಾರಾಯ್ರೆ,” ಎಂದಾಗಲೂ ಅಷ್ಟೇ. “ಆಯ್ತು ದಾಸಣ್ಣ, ಎಂತ ಮಾಡುದು,” ಎಂದುಬಿಟ್ಟಳು. ಭಾನುವಾರ ಮರ ಕಡಿಯುವವನು ಬರುವುದೆಂದು ನಿಶ್ಚಯವಾಯಿತು.

ಒಪ್ಪಿದ್ದೇ ಒಪ್ಪಿದ್ದು, ಮತ್ತೆ ಮತ್ತೆ ಅಂಗಳಕ್ಕೆ ಬಂದು ಮರವನ್ನು ನೋಡಿದಳು. ಅದು ಗಂಡ ಅಲಿಯಬ್ಬ ದುಡಿಯಲು ಪರದೇಶದ ದಮ್ಮಾಮಿಗೆ ಹೋಗುವ ಮುಂಚೆ ನೆಟ್ಟ ಮರ. ಅಲ್ಲಿಂದ ಫೋನು ಮಾಡಿದಾಗಲೆಲ್ಲ ಗಿಡ ಎಷ್ಟು ಎತ್ತರ ಆಯಿತೆಂದು ಕೇಳುತ್ತಿದ್ದ. ಮೊದಲ ಕಾಯಿ ಬಿಡುವ ಮೊದಲೇ ಅಲ್ಲೇ ತೀರಿಕೊಂಡ. ಆಸ್ಯಮ್ಮ ಬೀಡಿ ಸುತ್ತಿ ಮಗಳನ್ನು ಸಾಕಿದಳು. ಪ್ರತಿ ವರ್ಷ ಇರುವೆಯಿಂದ ಕಚ್ಚಿಸಿಕೊಂಡು ಕಾಯಿ ಕೊಯ್ದು ಉಪ್ಪುನೀರಿಗೆ ಹಾಕಿದಳು.

ಶನಿವಾರ ಬೆಳಿಗ್ಗೆ ದಾಸಣ್ಣನ ಹೆಂಡತಿ ಶಶಿಪ್ರಭಾಳ ಪಾತ್ರೆ ಹಿಂತಿರುಗಿಸಬೇಕಿತ್ತು. ಖಾಲಿ ಕೊಡುವುದು ಹೇಗೆ? ನಾಲ್ಕು ಉಪ್ಪುಮಾವಿನಕಾಯಿ ಹಾಕಿಕೊಂಡು ಹೊರಟಳು. ದಾರಿಯಲ್ಲಿ ಅವರ ರಂಬುಟಾನ್ ಗಿಡದ ಒಂದು ಎಲೆ ಕಣ್ಣಿಗೆ ಬಿತ್ತು, ಕಾಲು ನಿಂತಿತು. ಒಂದೇ ಎಲೆ, ಅಂಚಿನಿಂದ ಬಿಗಿಯಾಗಿ, ಥೇಟ್ ಬೀಡಿಯ ಹಾಗೆ ಸುತ್ತಿತ್ತು. ಇರುವೆ ಹೀಗೆ ಸುತ್ತುವುದಿಲ್ಲ. ಅದು ಹತ್ತಾರು ಎಲೆ ಸೇರಿಸಿ ಚೆಂಡಿನಷ್ಟು ದೊಡ್ಡ ಗೂಡು ಕಟ್ಟುತ್ತದೆ.

ಅವಳ ಬೆರಳು ಸುಮ್ಮನಿರಲಿಲ್ಲ, ಸುರುಳಿ ಬಿಚ್ಚಿತು. ಒಳಗೆ ಬಿಳಿ ನೂಲು, ಕರಿ ಹಿಕ್ಕೆ, ತೆಳುಹಸಿರು ಹುಳು. ಮುಟ್ಟಿದ್ದೇ ತಡ, ಹುಳು ಹಿಂದಕ್ಕೆ ಹಿಂದಕ್ಕೆ ಕೊಸರಿ ನೂಲು ಹಿಡಿದು ಕೆಳಗೆ ಜೋತಾಡಿತು. ಇನ್ನೊಂದು ಸುರುಳಿಯಿಂದ ಉಗುರಿನಷ್ಟು ಕಂದು ಪತಂಗವೇ ಹಾರಿತು.

“ದಾಸಣ್ಣ, ಒಮ್ಮೆ ಬನ್ನಿ!”

ಮೋಹನದಾಸರು ಕನ್ನಡಕ ಹಾಕಿಕೊಂಡು ನೋಡಿದರು. ಆಸ್ಯಮ್ಮ ಅವರನ್ನು ಗಿಡದಿಂದ ಗಿಡಕ್ಕೆ ನಡೆಸಿದಳು. ಗೇಟಿನ ಕಡೆಯ ಗಿಡಗಳ ತುಂಬ ಸುರುಳಿ. ಕಾಂಪೌಂಡಿನ ಪಕ್ಕದಲ್ಲಿ, ಇರುವೆ ಸಾಲಾಗಿ ಓಡಾಡುವ ಗಿಡಗಳಲ್ಲಿ ಹುಡುಕಿದರೂ ಎರಡೋ ಮೂರೋ. ಅಲ್ಲೊಂದು ಕಡೆ ಇರುವೆಗಳು ಅದೇ ಹುಳುವನ್ನು ಎಳೆದುಕೊಂಡು ಹೋಗುತ್ತಿದ್ದವು.

“ಇರುವೆ ಹುಳ ತಿನ್ಲಿಕ್ಕೆ ಬರುದಾ!” ಮೋಹನದಾಸರ ಮುಖ ಸಪ್ಪಗಾಯಿತು. “ನಾನು ಸುಮ್ಮನೆ ನಿಮ್ಮ ಮರವನ್ನು ದೂರಿದೆ, ಕಡಿಯುದು ಬೇಡ.” ಮತ್ತೆ ಕತ್ತೆತ್ತಿ ನೋಡಿ, “ಹೇಗೂ ನಾಳೆ ಮರ ಕಡಿಯುವವ ಬರ್ತಾನಲ್ಲ, ಈಚೆ ಬಾಗಿದ ಆ ಒಂದು ಕೊಂಬೆಯಾದ್ರೂ ತೆಗೆಸುವನಾ? ನೆರಳು ಜಾಸ್ತಿ,” ಎಂದರು.

“ಇಲ್ಲ,” ಎಂದಳು ಆಸ್ಯಮ್ಮ.

ಹೇಳಿದ್ದು ತಾನೇ ಎಂದು ನಂಬಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಖುಷಿಯೂ ಆಗಿತ್ತು. ಬಾಗಿಲಿಗೆ ಬಂದ ಶಶಿಪ್ರಭಾಳ ಕೈಗೆ ಪಾತ್ರೆ ಕೊಟ್ಟಳು.

“ಇದು ಆ ಕೊಂಬೆಯದ್ದೇ ಕಾಯಿ,” ಎಂದಳು. “ಬರುವ ವರ್ಷವೂ ಕೊಡ್ತೇನೆ.”