ನೀರು ಕುಡೀರಿ, ನೀರಿಂದ ಏನೂ ಆಗಿಲ್ಲ

ನಾನು ಇಂಡಿಗೆ ವರ್ಗವಾಗಿ ಬಂದ ಮೊದಲ ಬೇಸಿಗೆ ಅದು. ಸುತ್ತಲಿನ ಊರುಗಳಿಗೆ ಹೋಗಿ ಊಟ, ನೀರು, ಸ್ವಚ್ಛತೆಯ ಬಗ್ಗೆ ಜನರಿಗೆ ತಿಳಿಹೇಳುವುದು ನನ್ನ ಕೆಲಸ. ಶಾಲೆಯ ವರಾಂಡದಲ್ಲಿ ಹೆಂಗಸರನ್ನು ಕೂಡಿಸಿ ಕೈ ತೊಳೆಯುವ ರೀತಿ ತೋರಿಸುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಚಹಾ ಕುಡಿದು ನಾನು ಟೆಂಪೊ ಹತ್ತುತ್ತಿದ್ದೆ. ಆ ಮಾತಿನಿಂದ ಯಾರ ಅಡುಗೆಮನೆಯಲ್ಲಿ ಏನು ಬದಲಾಯಿತೆಂದು ತಿಳಿಯುತ್ತಿರಲಿಲ್ಲ.

ಒಂದು ಮುಂಜಾನೆ ತಾಂಬಾದ ಆಚೆಗಿನ ಒಂದು ಊರಿನಿಂದ ಆಶಾ ಕಾರ್ಯಕರ್ತೆಯ ಫೋನ್ ಬಂತು. ಹಿಂದಿನ ದಿನ ಅಲ್ಲಿ ದೊಡ್ಡ ಮನೆತನವೊಂದರಲ್ಲಿ ಸೊಸೆಗೆ ಕುಬಸ ಮಾಡಿದ್ದರು. ಸೀಮಂತದ ಆ ಊಟಕ್ಕೆ ಅರ್ಧ ಊರೇ ಹೋಗಿತ್ತು. ಸಂಜೆಯಾಗುವಷ್ಟರಲ್ಲಿ ಉಂಡವರಲ್ಲಿ ಅನೇಕರಿಗೆ ವಾಂತಿ, ಭೇದಿ.

"ಲಗೂನ ಬರ್ರಿ ಮೇಡಮ್ಮಾರ, ಮಂದಿ ಭಾಳ ಅಂಜ್ಯಾರ" ಎಂದಳು ಅವಳು.

ತಾಲೂಕು ಆಸ್ಪತ್ರೆಯ ಡಾಕ್ಟರ ಗಾಡಿಯಲ್ಲೇ ಹೋದೆ. ಬಸುರಿ ಸೊಸೆಯನ್ನೂ ಹೆಚ್ಚು ಬಳಲಿದ ಕೆಲವರನ್ನೂ ಆಗಲೇ ಇಂಡಿಗೆ ಕಳಿಸಿದ್ದರು. ಉಳಿದವರು ಶಾಲೆಯ ಕೋಣೆಗಳಲ್ಲಿ ಚಾಪೆಯ ಮೇಲೆ ಮಲಗಿದ್ದರು. ಬಾಗಿಲ ಹತ್ತಿರ ಒಬ್ಬ ಅಜ್ಜ ಗೋಡೆಗೆ ಒರಗಿ ಕುಳಿತಿದ್ದ. ತುಟಿ ಒಣಗಿ ಬಿರಿದಿತ್ತು. ಅವನ ಹೆಂಡತಿ ನೀರಿನ ಲೋಟ ಹಿಡಿದು ಅಳುತ್ತಿದ್ದಳು. ಆತ ಬಾಯಿ ಬಿಡಲೊಲ್ಲ.

"ಯಾಕ್ರಿ ಅಜ್ಜಾರ, ನೀರು ಕುಡೀವಲ್ರಿ?"

"ನೀರಾಗ ವಿಷ ಐತಂತ. ಮುಂಜೇನೆ ಮೈಕಿನ್ಯಾಗ ಒದರ್ಯಾರ" ಎಂದ ಅಜ್ಜ.

ಆಶಾ ಕಾರ್ಯಕರ್ತೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಯಾರದೋ ಮೊಬೈಲಿಗೆ ಬಂದ ಒಂದು ಸಾಲನ್ನು ಹಣಮಪ್ಪನ ಗುಡಿಯ ಮೈಕಿನಲ್ಲಿ ಓದಿದ್ದರಂತೆ: ಸಾರ್ವಜನಿಕರು ಕಲುಷಿತ ಆಹಾರ ಹಾಗೂ ನೀರನ್ನು ಸೇವಿಸದೆ ಮುನ್ನೆಚ್ಚರಿಕೆ ವಹಿಸತಕ್ಕದ್ದು. ಕಾಗದದ ಮೇಲೆ ಆ ಸಾಲಿನಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಆದರೆ ಓಣಿ ದಾಟುವಷ್ಟರಲ್ಲಿ ಅದು, ಟ್ಯಾಂಕಿನ ನೀರಿಗೆ ಯಾರೋ ವಿಷ ಹಾಕಿದ್ದಾರೆ ಎಂದಾಗಿತ್ತು. ಹೆಂಗಸರು ತುಂಬಿದ ಕೊಡಗಳನ್ನು ಗಟಾರಕ್ಕೆ ಸುರಿದಿದ್ದರು. ವಾಂತಿಯಿಂದ ಬಸವಳಿದವರು ಅಂಥ ಬಿಸಿಲಿನಲ್ಲಿ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಊಟಕ್ಕಿಂತ ಆ ಮಾತೇ ಹೆಚ್ಚು ಅಪಾಯ ಮಾಡುತ್ತಿತ್ತು.

ನಲ್ಲಿಯ ನೀರು ಹಿಡಿದು ಕ್ಲೋರಿನ್ ನೋಡಿದೆವು, ಸರಿಯಾಗಿತ್ತು. ಕುಬಸಕ್ಕೆ ಹೋಗದವರೂ ಅದೇ ನೀರು ಕುಡಿದಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ನಾನು ಅದೇ ನಲ್ಲಿಯ ನೀರನ್ನು ಲೋಟ ತುಂಬ ತಂದು ಅಜ್ಜನ ಎದುರಿಗೇ ಕುಡಿದೆ. ಆತ ನನ್ನ ಮುಖವನ್ನೇ ನೋಡಿದ.

"ಈಗ ಕುಡದ್ರಿ ಖರೇ. ಸಂಜೀಕ ನಿಮಗ ಏನಾತು ಅಂತ ನಾ ಯಾರನ್ನ ಕೇಳ್ಲಿ?"

"ಸಂಜೀತನಕ ಇಲ್ಲೇ ಇರ್ತೇನ್ರಿ. ನನ್ನ ನೋಡ್ಕೋತ ಗುಟುಕು ಗುಟುಕು ಕುಡೀರಿ."

ಅಜ್ಜನ ಹೆಂಡತಿ ಕಣ್ಣೀರಿನ ನಡುವೆಯೇ ನಕ್ಕಳು. ಆತ ಲೋಟಕ್ಕೆ ಬಾಯಿ ಹಚ್ಚಿದ.

ಹೀಗೆ ಪ್ರತಿಯೊಬ್ಬರ ಎದುರಿಗೂ ಕುಡಿಯಲು ಆಗುವುದಿಲ್ಲವಲ್ಲ. ಮೇಲಧಿಕಾರಿಗೆ ಫೋನ್ ಮಾಡಿದೆ. "ಪರೀಕ್ಷಾ ವರದಿ ಬರೋತನಕ ಏನೂ ಹೇಳಬ್ಯಾಡ್ರಿ" ಎಂದರು. "ಸರ್, ನಾವು ಸುಮ್ಮನಿದ್ರ ಊರು ಸುಮ್ಮನಿರಂಗಿಲ್ರಿ. ಗೊತ್ತಿದ್ದಷ್ಟು ಹೇಳ್ತೇನಿ, ಗೊತ್ತಿಲ್ಲದ್ದು ಗೊತ್ತಿಲ್ಲ ಅಂತೇನಿ" ಎಂದೆ. "ಆತು, ಅಷ್ಟ ಹೇಳ್ರಿ" ಎಂದರು.

ಮಲಗಿದ್ದವರನ್ನೂ, ಕುಬಸಕ್ಕೆ ಹೋಗಿಯೂ ಏನೂ ಆಗದವರನ್ನೂ ಏನೇನು ಉಂಡಿರೆಂದು ಕೇಳುತ್ತ ಹೋದೆವು. ಹೋಳಿಗೆ, ಎಣಗಾಯಿ ಎಲ್ಲರೂ ಉಂಡಿದ್ದರು. ಮೊಸರನ್ನ ಹಾಕಿಸಿಕೊಳ್ಳದೆ ಎದ್ದವರು ಆರಾಮಾಗಿದ್ದರು. ಅಲ್ಲಿಂದ ನೇರ ಕುಬಸದ ಮನೆಗೆ ಹೋದೆ. ಬಾಗಿಲು ಹಾಕಿತ್ತು. ಹಳೆಯ ಜಗಳದ ಸಿಟ್ಟಿಗೆ ಇಂಥವರೇ ಏನೋ ಬೆರೆಸಿದರು ಎಂದು ಗುಡಿಯ ಕಟ್ಟೆಯ ಮೇಲೆ ಆಗಲೇ ಮಾತು ಶುರುವಾಗಿತ್ತು. ಕೂಗಿದ ಮೇಲೆ ಮನೆಯ ಯಜಮಾನಿ, ಆ ಬಸುರಿಯ ಅತ್ತೆ, ಬಾಗಿಲು ತೆರೆದಳು. ಒಳಗೆ ಒಬ್ಬಳೇ ಇದ್ದಳು.

"ಮೊಸರನ್ನ ನಾನ ಕಲಸೇನ್ರಿ. ಮನ್ಯಾಗಿಂದ ಮೊಸರು, ಕೈ ತೊಳಕೊಂಡ ಮಾಡೇನಿ" ಎಂದಳು, ನಾನು ಕೇಳುವ ಮೊದಲೇ.

"ಅನ್ನ ಯಾವಾಗ ಮಾಡಿದ್ರಿ?"

"ನಸಿಕಿನ್ಯಾಗ. ದೊಡ್ಡ ಪಾತೇಲಿ, ಮುಚ್ಚಿಟ್ಟಿದ್ವಿ. ಹಿರೇರು ಬರೂದು ತಡ ಆತು, ಉಣ್ಣಾಕ ಹೊತ್ತು ಇಳೀತು."

ನಸುಕಿನಲ್ಲೇ ಮಾಡಿ ಮುಚ್ಚಿಟ್ಟ ಅನ್ನ ಸೆಕೆಯಲ್ಲಿ ಬಹಳ ಹೊತ್ತು ಉಗುರುಬೆಚ್ಚಗೆ ಉಳಿದರೆ ಕಣ್ಣಿಗೆ ಕಾಣದ ಜೀವಿಗಳು ಬೆಳೆಯುತ್ತವೆ, ವಾಸನೆಯೂ ಬರುವುದಿಲ್ಲ, ರುಚಿಯೂ ಕೆಡುವುದಿಲ್ಲ ಎಂದು ಹೇಳಿದೆ. ಅದೇ ಕಾರಣ ಇರಬಹುದು, ಇನ್ನೂ ಖಾತ್ರಿಯಿಲ್ಲ ಎಂದೂ ಹೇಳಿದೆ. ಇಷ್ಟನ್ನು ಈಗ ಗುಡಿಯ ಮೈಕಿನಲ್ಲಿ ಊರಿಗೆ ತಿಳಿಸುತ್ತೇನೆ, ವರದಿ ಬಂದ ಮೇಲೆ ಮತ್ತೆ ಅಲ್ಲೇ ಹೇಳುತ್ತೇನೆ ಎಂದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೈಕಿನ್ಯಾಗ ನಮ್ಮ ಮನಿ ಹೆಸರು ಹೇಳ್ತೀರೇನು?"

"ಇಲ್ರಿ ಅವ್ವಾರ."

"ನೀವು ಹೇಳದಿದ್ರೂ ಊರಿಗೆಲ್ಲ ಗೊತ್ತೈತಿ. ನಡೀರಿ, ನಾನ ಹೇಳ್ತೇನಿ."

ತಲೆಯ ಮೇಲೆ ಸೆರಗು ಹೊದ್ದು ನನ್ನ ಜೊತೆ ಗುಡಿಯತನಕ ನಡೆದಳು. ಕಟ್ಟೆಯ ಮೇಲಿನ ಮಾತು ನಿಂತಿತು. ಆಕೆ ಮೈಕು ಹಿಡಿದು, ದನಿ ತಗ್ಗಿಸದೆ ಹೇಳಿದಳು.

"ಕುಬಸದ ಮನಿ ಹೆಣ್ಮಗಳು ಮಾತಾಡಾಕತ್ತೇನಿ. ನಿನ್ನಿ ನಮ್ಮ ಮನ್ಯಾಗ ಉಂಡು ನಿಮಗ ತ್ರಾಸ ಆತು. ಯಾರೂ ವಿಷ ಹಾಕಿಲ್ಲ, ಯಾರ ಮ್ಯಾಲೂ ಸಂಶೇ ಪಡಬ್ಯಾಡ್ರಿ. ನಸಿಕಿನ್ಯಾಗ ಮಾಡಿದ ಅನ್ನ ಸೆಕಿಯೊಳಗ ಮುಚ್ಚಿಟ್ಟು ತಡ ಮಾಡಿ ನೀಡಿದ್ವಿ, ಅದರಿಂದ ಆಗಿರಬೇಕು ಅಂತಾರ. ಪರೀಕ್ಷಾ ಆದಮ್ಯಾಲ ಖರೇ ಏನಂತ ಇದ ಮೈಕಿನ್ಯಾಗ ಹೇಳ್ತಾರಂತ. ನೀರು ಕುಡೀರಿ, ನೀರಿಂದ ಏನೂ ಆಗಿಲ್ಲ. ನಮ್ಮ ಮನ್ಯಾಗಿಂದ ಕಟಗೊಂಡು ಹೋದ ಅನ್ನ ಇದ್ರ ಚೆಲ್ಲಿಬಿಡ್ರಿ. ನಾ ಕೊಟ್ಟಿದ್ದು ಅಂತ ಮುಲಾಜಿಗೆ ಇಟಗೋಬ್ಯಾಡ್ರಿ."

ಆಮೇಲೆ ವಾಂತಿಯಾದವರಿಗೆ ಓಆರ್‌ಎಸ್ ಕಲಸುವುದು ಹೇಗೆ, ಯಾವಾಗ ಆಸ್ಪತ್ರೆಗೆ ಬರಬೇಕು ಎಂಬುದನ್ನು ನಾನು ಹೇಳಿದೆ. ಹೊರಗೆ ಬಂದಾಗ ನಲ್ಲಿಯ ಮುಂದೆ ಕೊಡಗಳು ಬಂದಿದ್ದವು. ಬಾಜೂ ಮನೆಯ ಹೆಂಗಸೊಬ್ಬಳು ಬಂದು ಯಜಮಾನಿಯ ಕೈ ಹಿಡಿದಳು. "ನಮ್ಮ ಮನ್ಯಾಗೂ ಹಂಗ ಮುಚ್ಚಿಡ್ತೇವಿ ಬಿಡ" ಎಂದಳು. ಯಜಮಾನಿಗೆ ಅದುವರೆಗೂ ತಡೆದುಕೊಂಡಿದ್ದ ಅಳು ಆಗ ಬಂತು.

ಎಲ್ಲರೂ ಚೇತರಿಸಿಕೊಂಡರು. ಸೊಸೆಯೂ ಕ್ಷೇಮವಾಗಿ ಮನೆಗೆ ಬಂದಳು. ವರದಿಯೂ ಅನ್ನದ ಕಡೆಗೇ ಬೆರಳು ತೋರಿತು. ಮಾತು ಕೊಟ್ಟಂತೆ ಹೋಗಿ ಅದೇ ಮೈಕಿನಲ್ಲಿ ಹೇಳಿಬಂದೆ. ಅದು ಕೆಟ್ಟ ಕಣ್ಣಿನ ಕೆಲಸ ಎನ್ನುವವರು ಆ ಊರಿನಲ್ಲಿ ಇವತ್ತಿಗೂ ಇದ್ದಾರೆ. ಇರಲಿ, ಅವರೂ ನೀರು ಕುಡಿದರು.

ಸಿಂದಗಿಯಲ್ಲಿ, ಬಸವನ ಬಾಗೇವಾಡಿಯಲ್ಲಿ ಈಗ ಸಭೆ ಮಾಡಿದರೆ ಮೊದಲು ನಾನು ಕೇಳುವುದು, ಹಬ್ಬದ ಅಡುಗೆ ನಿಮ್ಮಲ್ಲಿ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು. ಹೆಂಗಸರು ತಲೆಯಾಡಿಸುವುದನ್ನು ಬಿಟ್ಟು ಮಾತಾಡುತ್ತಾರೆ, ಒಮ್ಮೊಮ್ಮೆ ಜಗಳವನ್ನೂ ಆಡುತ್ತಾರೆ.

ಹೋದ ವರ್ಷ ಮುದ್ದೇಬಿಹಾಳದ ಕಡೆ ಒಂದು ಮದುವೆಗೆ ಹೋಗಿದ್ದೆ. ಒಲೆಯ ಹತ್ತಿರ ವಯಸ್ಸಾದ ಹೆಂಗಸೊಬ್ಬಳು ಅಡುಗೆಯವನಿಗೆ ಜೋರು ಮಾಡುತ್ತಿದ್ದಳು: "ಅನ್ನ ಈಗ್ಯಾಕ ಇಡ್ತಿ? ಕಡೀಕ ಇಡು. ಮಂದಿ ಕೂಡ್ರೂ ಹೊತ್ತಿಗೆ ಇಳೀಲಿ."

ಇದು ನಿಮಗೆ ಯಾರು ಹೇಳಿದರೆಂದು ಕೇಳಿದೆ.

"ತಾಂಬಾ ಕಡೆ ನಮ್ಮ ಬೀಗರು ಅದಾರ, ಅವರು ಹೇಳಿದ್ರು" ಎಂದಳು. ನಾನು ಮಾಡುವ ಕೆಲಸ ಏನೆಂದು ತಿಳಿದ ಮೇಲೆ ಕುರ್ಚಿ ಎಳೆದು ನನ್ನನ್ನು ಕೂಡಿಸಿದಳು. "ಹಂಗಾರ ಇದನ್ನ ಹೇಳ್ರಿ, ಪಾಯಸದ್ದೇನು?"

ಊಟಕ್ಕೆ ಕರೆಯುವ ತನಕ ಒಲೆಯ ಪಕ್ಕದಲ್ಲೇ ಕುಳಿತು ಮಾತಾಡಿದೆವು.