ಸುಣ್ಣದ ತಿಳಿ

ಅವರು ಕಾಫಿಯನ್ನೂ ಒಂದು ಕಣ್ಣು ಮುಚ್ಚಿಯೇ ನೋಡುತ್ತಿದ್ದರು. ಗಾಜಿನ ಲೋಟವನ್ನು ಮೇಜಿನ ಮೇಲಿಟ್ಟು, ಮೊಣಕಾಲು ಬಗ್ಗಿಸಿ, ಗದ್ದವನ್ನು ಮೇಜಿನ ಅಂಚಿಗೆ ತಂದು, ತೆರೆದ ಬಲಗಣ್ಣನ್ನು ಕಾಫಿಯ ಮಟ್ಟಕ್ಕೆ ಸರಿಯಾಗಿ ಹಿಡಿಯುತ್ತಿದ್ದರು. ಹೀಗೆ ವರ್ಷಗಟ್ಟಲೆ ಮುಚ್ಚಿ ಮುಚ್ಚಿ ಎಡಗಣ್ಣಿನ ಸುತ್ತ ಸುಕ್ಕು ಬಲೆ ಕಟ್ಟಿತ್ತು. ಬಲಗಣ್ಣಿನ ಸುತ್ತ ಒಂದು ಗೆರೆಯೂ ಇರಲಿಲ್ಲ. ಮುಖದ ಎಡಭಾಗ ಬಲಭಾಗಕ್ಕೆ ಅಣ್ಣನ ಹಾಗೆ ಕಾಣುತ್ತಿತ್ತು.

ಮೊದಲ ಸಲ ಇದನ್ನು ನೋಡಿದ ನಮ್ಮಮ್ಮ ಗಾಬರಿಯಾಗಿ, "ಏನ್ರೀ, ನೊಣ ಗಿಣ ಬಿದ್ದಿದೆಯಾ?" ಅಂದರು.

"ಇಲ್ಲ ತಾಯಿ, ಅಭ್ಯಾಸ ಅಷ್ಟೇ. ನಿಮ್ಮ ಮಗನ ಲೋಟಕ್ಕಿಂತ ನಂದು ಒಂದು ಗೆರೆ ಕಮ್ಮಿ ಇದೆ."

ಅಮ್ಮ ಒಳಗೆ ಹೋಗಿ ಆ ಒಂದು ಗೆರೆಯನ್ನು ತಂದು ಸುರಿದರು.

ಬಸವನಗುಡಿಯ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಟೆಂಡರ್ ಆಗಿದ್ದರು. ಆ ಕಾಲೇಜಿನ ಮಕ್ಕಳಿಗೆ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ ಮಾರುವ ಅಂಗಡಿ ನನ್ನದು. ನಿವೃತ್ತರಾದ ಮೇಲೂ ತಿಂಗಳಿಗೊಮ್ಮೆ ಅಂಗಡಿಗೆ ಬಂದು ಅಂಟಿಸುವ ಲೇಬಲ್ ಒಂದು ಕಟ್ಟು ಒಯ್ಯುತ್ತಿದ್ದರು. ಲ್ಯಾಬೇ ಇಲ್ಲದ ಮೇಲೆ ಲೇಬಲ್ ಯಾಕೆ ಅಂತ ಒಮ್ಮೆ ಕೇಳಿದೆ. ಮನೆಯ ಬೇಳೆ ಡಬ್ಬ, ಹುಣಸೆಹಣ್ಣಿನ ಜಾಡಿ, ಕೊನೆಗೆ ಹಲ್ಲುಪುಡಿಗೂ ತುಂಬಿದ ದಿನ ಬರೆದು ಅಂಟಿಸುತ್ತಾರಂತೆ. "ನಮ್ಮ ಮನೆಯೋಳು, ನಿಮಗೂ ಒಂದು ಅಂಟಿಸ್ಕೊಳಿ ಅಂತಾಳೆ ಸ್ವಾಮಿ," ಎಂದು ನಕ್ಕರು.

ನಾನು ಅವರ ಶಿಷ್ಯನಾದದ್ದು ಇಂಥದೇ ಒಂದು ಲೇಬಲ್ಲಿನ ದಿನ.

ಆಗ ನಮ್ಮ ಮನೆಯ ನಡುಮನೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ ಬಂದು ಎಂಟು ತಿಂಗಳಾಗಿತ್ತು. ಶುದ್ಧ ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಅದರಲ್ಲಿ ಜೀವಂತ ಹವಳ ಬೆಳೆಸುವ ಹುಚ್ಚು ನನಗೆ ಹತ್ತಿತ್ತು. ಬೆಂಗಳೂರಲ್ಲಿ ಕೂತು ಸಮುದ್ರ ಸಾಕುವುದು. ಎರಡು ಹವಳ ಆಗಲೇ ಸತ್ತಿದ್ದವು. ಉಳಿದದ್ದು ಒಂದೇ, ಗೆಳೆಯನೊಬ್ಬ ತನ್ನ ತೊಟ್ಟಿಯಲ್ಲೇ ಬೆಳೆಸಿ ಮುರಿದುಕೊಟ್ಟ ತುಂಡು. ಮೂರು ಬಾಯಿ, ಒಂದೊಂದು ಬಾಯಿಯ ಸುತ್ತಲೂ ಹಸಿರು ಬೆರಳುಗಳು. ಬೆಳಗಿನ ಹೊತ್ತು ಆ ಬೆರಳೆಲ್ಲ ಅರಳಿ ನೀರಿನಲ್ಲಿ ತೂಗುವುದನ್ನು ಅಮ್ಮ ದೇವರಮನೆಯಿಂದ ಬಂದವರೇ ನಿಂತು ನೋಡುತ್ತಿದ್ದರು. ಅಮ್ಮನ ಕೊರಳಲ್ಲಿ ಮದುವೆಯ ಕಾಲದ ಹವಳದ ಸರ. ಒಂದು ದಿನ ಅದನ್ನು ಮುಟ್ಟಿಕೊಂಡು, "ಹಾಗಾದ್ರೆ ನನ್ನ ಕತ್ತಲ್ಲಿರೋದು ಇದರ ಮೂಳೆನೇನೋ?" ಎಂದು ಕೇಳಿದ್ದರು. ಎರಡನೆಯದು ಸತ್ತಾಗ ಕಡ್ಡಿ ಮುರಿದ ಹಾಗೆ ಹೇಳಿದರು: "ಇದೂ ಹೋದ್ರೆ ತೊಟ್ಟಿ ಬೇಡ ಕಣಪ್ಪ. ಮನೆಗೆ ಜೀವ ತಂದು ಸಾಯ್ಸೋದನ್ನ ನಾನು ನೋಡಲಾರೆ."

ಈಗ ಮೂರನೆಯದೂ ಬೆರಳು ಮಡಚಿಕೊಳ್ಳತೊಡಗಿತ್ತು. ಆ ಸಂಕಟವನ್ನೇ ಅಂಗಡಿಯಲ್ಲಿ ಅಟೆಂಡರ ಮುಂದೆ ತೋಡಿಕೊಂಡೆ. ನೀರಿನ ಕ್ಷಾರ ಅಳೆಯುತ್ತೇನೆ, ಕಮ್ಮಿ ಬಂದರೆ ಪುಡಿ ಹಾಕುತ್ತೇನೆ, ಮರುದಿನ ಜಾಸ್ತಿ ಬರುತ್ತದೆ, ಆಗ ಅರ್ಧ ನೀರು ಬದಲಿಸುತ್ತೇನೆ ಅಂತೆಲ್ಲ.

ಅವರು ಲೇಬಲ್ ಕಟ್ಟು ಕೆಳಗಿಟ್ಟರು. "ದಿನಾ ಹಾಕ್ತೀರಾ?"

"ದಿನಾ ಅಳೀತೀನಿ, ದಿನಾ ಹಾಕ್ತೀನಿ."

"ಸ್ವಾಮಿ, ನಿಮ್ಮ ಹವಳಕ್ಕೆ ಬಂದಿರೋದು ಕಾಯಿಲೆ ಅಲ್ಲ, ಉಪಚಾರ. ಮದುವೆ ಮನೇಲಿ ಎಲೆ ಮುಂದೆ ನಿಂತ್ಕೊಂಡು ಹಾಕ್ಸ್ಕೊಳಿ, ಹಾಕ್ಸ್ಕೊಳಿ ಅಂತಾರಲ್ಲ, ಹಾಗೆ ಮಾಡ್ತಿದೀರಿ. ಆ ಪುಡಿ ಡಬ್ಬದ ಮೇಲೆ ಏನು ಬರೆದಿದೆ?"

ಡಬ್ಬದ ಫೋಟೋ ನನ್ನ ಫೋನಿನಲ್ಲಿತ್ತು. ಹೊರದೇಶದ ಡಬ್ಬ, ಮುಂದೆ ಬಾಯಿಗೆ ಬಾರದ ಹೆಸರು. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದಿತ್ತು. ಓದಿ ಹೇಳಿದೆ. ಅವರು ಎರಡೂ ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಅಯ್ಯೋ ನಿಮ್ಮ! ಇದು ಸುಣ್ಣ ಕಣ್ರೀ!"

ನನಗೆ ಖುಷಿಯೋ ಖುಷಿ. ಹಾಗಾದರೆ ಬೀಡಾ ಅಂಗಡಿಯಿಂದಲೇ ತಂದುಬಿಡುತ್ತೇನೆ ಎಂದು ಎದ್ದೆ. ಅಂಗಿ ಹಿಡಿದು ಕೂರಿಸಿದರು. "ಅದಕ್ಕೆ ಗುಲಾಬಿ ವಾಸನೆ ಹಾಕಿರ್ತಾರೆ. ನಿಮ್ಮ ಹವಳ ಎಲೆ ಅಡಿಕೆ ಹಾಕ್ಕೊಳ್ಳುತ್ತಾ? ಲ್ಯಾಬಿನ ಸುಣ್ಣ ಪೇಟೇಲಿ ಸಿಗುತ್ತೆ, ನಾನು ಬರ್ತೀನಿ."

ಮಾರನೆಯ ದಿನ ಇಬ್ಬರೂ ಬಳೇಪೇಟೆಯ ಗಲ್ಲಿಗಳಲ್ಲಿ ತಳ್ಳುಗಾಡಿಗಳ ನಡುವೆ ನುಸುಳಿ ಸುಣ್ಣ ತಂದೆವು. ಶುದ್ಧ ನೀರಿನ ಬಾಟಲಿಗೆ ಎರಡು ಚಮಚ ಹಾಕಿ ಕುಲುಕಿ ಅವರು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ನೀರು ಹಾಲಾಯಿತು. ನಾನು ಕೈ ಚಾಚಿದೆ.

"ತಿಳಿಯೋ ತನಕ ಮುಟ್ಟಬೇಡಿ."

ಏನು ತಿಳಿಯುವ ತನಕ ಅಂತ ಕೇಳಿದೆ. ಅವರು ಗದ್ದದಿಂದಲೇ ಬಾಟಲಿಯತ್ತ ತೋರಿಸಿದರು. ನಾಲ್ಕೈದು ಗಂಟೆಯಲ್ಲಿ ಬಿಳುಪೆಲ್ಲ ತಳಕ್ಕಿಳಿದು ಮೇಲೆ ಕನ್ನಡಿಯಂಥ ನೀರು ನಿಂತಿತು. ಶಾಲೆಯ ಪುಸ್ತಕದಲ್ಲಿ 'ಸುಣ್ಣದ ತಿಳಿ' ಎಂದು ಉರುಹೊಡೆದಿದ್ದ ನನಗೆ 'ತಿಳಿ' ಎಂಬ ಎರಡಕ್ಷರದ ಅರ್ಥ ಆದದ್ದು ಆ ಸಂಜೆ. ನೀರು ತಿಳಿಯಾಗುವುದಕ್ಕೂ ಮನುಷ್ಯನಿಗೆ ತಿಳಿಯುವುದಕ್ಕೂ ನಮ್ಮ ಹಿರಿಯರು ಒಂದೇ ಮಾತು ಇಟ್ಟಿದ್ದಾರೆ. ಎರಡಕ್ಕೂ ಸುಮ್ಮನೆ ಕೂರಬೇಕು.

ಅವರು ಹೇಳಿಕೊಟ್ಟದ್ದು ಇಷ್ಟು. ಹವಳ ತನ್ನ ಮೈ ಕಟ್ಟಲು ನೀರಿನಿಂದ ಸುಣ್ಣ ತೆಗೆದುಕೊಳ್ಳುತ್ತದೆ. ಗಾಳಿಗೆ ನೀರು ಆರುತ್ತದೆ, ಉಪ್ಪು ಮಾತ್ರ ಹಿಂದೆ ಉಳಿಯುತ್ತದೆ. ದಿನಕ್ಕೆ ಎಷ್ಟು ಆರುತ್ತದೋ ಅಷ್ಟನ್ನೇ ಸುಣ್ಣದ ತಿಳಿಯಿಂದ, ತೊಟ್ಟು ತೊಟ್ಟಾಗಿ ತುಂಬಬೇಕು. ಆರಿದ ನೀರೂ ತುಂಬಿತು, ಹೋದ ಸುಣ್ಣವೂ ಬಂತು. ಅದಕ್ಕೆ ಮೆಡಿಕಲ್ ಶಾಪಿನ ಡ್ರಿಪ್ ಕೊಳವೆ ತಂದು, ಕ್ಯಾಲೆಂಡರ್ ಇದ್ದ ಮೊಳೆಗೆ ಬಾಟಲಿ ತೂಗುಹಾಕಿದರು. ತಳದ ಗಸಿ ಎಳೆಯದಂತೆ ಬಾಟಲಿಯೊಳಗೆ ಕೊಳವೆಯ ಬಾಯಿಯನ್ನು ತಳಕ್ಕಿಂತ ಎತ್ತರದಲ್ಲಿಟ್ಟರು. ರೆಕಾರ್ಡ್ ಪುಸ್ತಕವೊಂದನ್ನು ಕೈಗೆ ಕೊಟ್ಟು, "ಅಳೆದ ತಕ್ಷಣ ಏನೂ ಹಾಕ್ಬೇಡಿ, ಬರೀರಿ. ನಂಬರ್ ಒಳ್ಳೇದೋ ಕೆಟ್ಟದೋ ಆಮೇಲೆ. ನಿನ್ನೆ ಇದ್ದಿದ್ದು ಇವತ್ತೂ ಇದೆಯಾ, ಅದು ಮುಖ್ಯ," ಅಂದರು.

ಒಂದು ತಿಂಗಳಲ್ಲಿ ಪುಸ್ತಕದ ಪುಟದ ಮೇಲೆ ಒಂದೇ ಅಂಕಿ ಸಾಲಾಗಿ ಕೂತಿತು. ಹವಳ ಬೆರಳು ಬಿಚ್ಚಿತು.

ಆಗ ಬಂತು ಆ ಮಂಗಳವಾರ. ನಾನು ಅಂಗಡಿಯಲ್ಲಿದ್ದೆ. ಸುಣ್ಣ ಗಟ್ಟಿಯಾಗಿ ಕೊಳವೆಯ ತುದಿ ಕಟ್ಟಿಕೊಂಡು ತೊಟ್ಟು ನಿಂತಿತ್ತು. ಅಮ್ಮ ನೋಡಿದರು. ಮೊಳೆಯಲ್ಲಿ ಬಾಟಲಿ, ಕೆಳಗೆ ಕೊಳವೆ. ಅಮ್ಮನ ಲೆಕ್ಕದಲ್ಲಿ ಅದು ಔಷಧಿ. ಔಷಧಿ ತಳದಲ್ಲಿ ಗಟ್ಟಿ ನಿಂತರೆ ಏನು ಮಾಡಬೇಕು ಅಂತ ನಮ್ಮನ್ನು ಸಾಕಿದ ಅಮ್ಮನಿಗೆ ಗೊತ್ತಿಲ್ಲವೇ? ಬಾಟಲಿ ಇಳಿಸಿ, ಕೆಮ್ಮಿನ ಔಷಧಿಯ ಹಾಗೆ ಚೆನ್ನಾಗಿ ಕುಲುಕಿ, ಕೊಳವೆ ಕಿತ್ತು, ಪೂರ್ತಿ ತೊಟ್ಟಿಗೆ ಸುರಿದರು.

ಫೋನಿನಲ್ಲಿ ಅಮ್ಮನ ದನಿ ಬದಲಾಗಿತ್ತು. "ತೊಟ್ಟಿ ಮಜ್ಜಿಗೆ ಆಗೋಯ್ತು ಕಣೋ. ಏನೂ ಕಾಣಿಸ್ತಿಲ್ಲ."

ಅಟೆಂಡರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಹಾರಿದೆ. ದಾರಿಯಲ್ಲೇ ಒಂದು ಕಡೆ ಗಾಡಿ ನಿಲ್ಲಿಸಲು ಹೇಳಿ, "ಎರಡು ಸಾದಾ ಸೋಡಾ ತಗೊಳಿ, ನಿಂಬೆ ಉಪ್ಪು ಏನೂ ಇರ್ಬಾರ್ದು," ಅಂದರು. ಈ ಹೊತ್ತಿನಲ್ಲಿ ಇವರಿಗೆ ಬಾಯಾರಿಕೆಯೇ ಎಂದು ಒಳಗೊಳಗೇ ಸಿಟ್ಟು ಬಂತು.

ತೊಟ್ಟಿಯಲ್ಲಿ ಹವಳ ಕಾಣುತ್ತಲೇ ಇರಲಿಲ್ಲ. ಅಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ದರು. ನಾನು ಬಕೆಟ್ ತಂದು ನೀರೆಲ್ಲ ಹೊರಹಾಕಲು ಹೊರಟೆ.

"ಬಕೆಟ್ ಕೆಳಗಿಡಿ," ಅಂದರು ಅಟೆಂಡರು. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. "ಒಂದು ಸಲ ಅಲ್ಲಾಡಿಸಿ ಆಗಿದೆ. ಇನ್ನೊಂದು ಸಲ ಅಲ್ಲಾಡಿಸಿದ್ರೆ ತಡ್ಕೊಳಲ್ಲ. ಗಾಳಿ ಪಂಪ್ ಜೋರು ಮಾಡಿ."

ಸೋಡಾ ಬಾಯಾರಿಕೆಗಲ್ಲ. ಸೋಡಾದಲ್ಲಿರುವುದು ನಾವು ಬಿಡುವ ಉಸಿರಿನ ಗಾಳಿಯೇ, ಸುಣ್ಣದ ಖಾರ ಇಳಿಸುವುದು ಅದೇ ಅಂತ ಹೇಳುತ್ತಾ, ಒಂದು ಕಣ್ಣು ಮುಚ್ಚಿ ಅಳತೆಯ ಲೋಟಕ್ಕೆ ಸ್ವಲ್ಪವೇ ಬಗ್ಗಿಸಿಕೊಂಡು, ಪಂಪಿನ ಬಾಯಿಯ ಹತ್ತಿರ ನಿಧಾನವಾಗಿ ಬಿಟ್ಟರು. ಕಾಲು ಗಂಟೆ ಕಾದು ನೀರು ಪರೀಕ್ಷಿಸಿ, ಮತ್ತೆ ಅಷ್ಟೇ. ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಒಂದು ಬಾಟಲಿ ಸೋಡಾ ಕೂಡ ಪೂರ್ತಿ ಖರ್ಚಾಗಲಿಲ್ಲ.

ಅಮ್ಮ ಸಣ್ಣ ದನಿಯಲ್ಲಿ, "ನಾನೇ ಸಾಯಿಸ್ಬಿಟ್ನಲ್ಲ ಲ್ಯಾಬಿನೋರೇ," ಅಂದರು.

ಅವರು ತೊಟ್ಟಿಯಿಂದ ಕಣ್ಣು ತೆಗೆಯದೆಯೇ ಹೇಳಿದರು. "ನಾನೂ ಕುಲುಕಿದೀನಿ ತಾಯಿ. ಕೆಲಸಕ್ಕೆ ಸೇರಿದ ವರ್ಷ. ಪರೀಕ್ಷೆ ದಿನ ಸುಣ್ಣದ ತಿಳಿ ಬಾಟ್ಲು ಒರೆಸೋಕೆ ಹೋಗಿ ಎಲ್ಲಾನೂ ಕುಲುಕಿಟ್ಟೆ. ಹುಡುಗ್ರು ಕೊಳವೇಲಿ ಊದಿದ್ರೆ ತಾನೆ ಬೆಳ್ಳಗಾಗ್ಬೇಕು? ಊದೋಕ್ಮುಂಚೆನೇ ಎಲ್ಲಾರ್ದೂ ಹಾಲು! ಬಂದಿದ್ದ ಪರೀಕ್ಷಕರು, ಏನಯ್ಯಾ, ನಿಮ್ಮ ಹುಡುಗ್ರು ಉಸಿರಾಡೋದೇ ಬೇಡ್ವಾ ಅಂದ್ರು."

ಅಮ್ಮ ಅಳುತ್ತಲೇ ನಕ್ಕರು. "ಆಮೇಲೆ?"

"ಆಮೇಲೆ ಏನು, ಪರೀಕ್ಷೆ ಮಧ್ಯಾಹ್ನಕ್ಕೆ ಹೋಯ್ತು. ತಿಳಿಯೋ ತನಕ ಎಲ್ಲಾರೂ ಕಾಯ್ತಾ ಕೂತ್ರು. ಪ್ರೊಫೆಸರೂ ಕೂತ್ರು."

ಸಂಜೆಯ ಹೊತ್ತಿಗೆ ಅಂಕಿ ಇಳಿಯಿತು. ಮರುದಿನ ಎರಡು ಕೊಡ ನೀರು ಬದಲಿಸಿದೆವು, ಅದರ ಮರುದಿನ ಇನ್ನೆರಡು. ಮೂರನೆಯ ದಿನ ತೊಟ್ಟಿಯ ಮೋಡ ಕರಗಿತು. ಹವಳದ ಮೂರು ಬಾಯಲ್ಲಿ ಒಂದು ಬಿಳುಚಿಕೊಂಡಿತ್ತು, ಅದು ಉಳಿಯಲಿಲ್ಲ. ಇನ್ನೆರಡು ಮುಚ್ಚಿಕೊಂಡಿದ್ದವು. ಒಂಬತ್ತನೆಯ ದಿನ ಬೆಳಿಗ್ಗೆ ಅಮ್ಮ ಅಂಗಡಿಗೆ ಫೋನ್ ಮಾಡಿ, "ಬೆರಳು ಬಿಟ್ಟಿದೆ," ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಅಟೆಂಡರಿಗೆ ಅವರೇ ಮೊದಲು ಫೋನ್ ಮಾಡಿದ್ದರಂತೆ. ನಾನು ಎರಡನೆಯವನು.

ಅವರು ಬಂದು, ತಮ್ಮ ಕಟ್ಟಿನಿಂದ ಒಂದು ಲೇಬಲ್ ತೆಗೆದು, ದುಂಡಗಿನ ಅಕ್ಷರದಲ್ಲಿ ಬರೆದು ಬಾಟಲಿಗೆ ಅಂಟಿಸಿದರು: ಸುಣ್ಣದ ತಿಳಿ. ಕುಲುಕಬಾರದು. ಅಮ್ಮನಿಗೆ ನೋವಾಗದಿರಲೆಂದು ಕೆಳಗೆ ಸಣ್ಣಗೆ ಇನ್ನೊಂದು ಸಾಲು ಸೇರಿಸಿದರು: ನಾನೂ ಸಹ.

ಕೊನೆಯ ಎರಡು ವರ್ಷ ಅವರ ಕೈ ನಡುಗುತ್ತಿತ್ತು. ನೀರು ಪರೀಕ್ಷಿಸುವಾಗ ಬಣ್ಣ ಬದಲಾಗುವ ತನಕ ಔಷಧಿಯ ತೊಟ್ಟು ಬಿಡಲು ಆಗುತ್ತಿರಲಿಲ್ಲ. ನಾನು ಬಿಡುತ್ತಿದ್ದೆ, ಅವರು ಒಂದು ಕಣ್ಣು ಮುಚ್ಚಿ ಬಣ್ಣ ನೋಡಿ "ಸಾಕು" ಅನ್ನುತ್ತಿದ್ದರು. ಮೂವತ್ತು ವರ್ಷ ಮಕ್ಕಳ ಹಿಂದೆ ನಿಂತು, ಮೇಷ್ಟ್ರಿಗೆ ಕೇಳಿಸದ ಹಾಗೆ ಪಿಸುಗುಟ್ಟಿ ಕಲಿಸಿದ ಮನುಷ್ಯ ನಮ್ಮ ನಡುಮನೆಯಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಅವರು ಹೋದ ಸುದ್ದಿ ಬಂತು. ನಾನೂ ಅಮ್ಮನೂ ಚಾಮರಾಜಪೇಟೆಯ ಅವರ ಮನೆಗೆ ಹೋಗಿ ಬಂದೆವು. ಅಡುಗೆಮನೆಯ ಕಪಾಟಿನಲ್ಲಿ ಡಬ್ಬಗಳೆಲ್ಲ ತಾರೀಕು ಹೊತ್ತು ಸಾಲಾಗಿ ನಿಂತಿದ್ದವು. ಮನೆಗೆ ಬಂದು ಸ್ನಾನ ಮುಗಿಸಿ ನಾನು ಹೊರಬರುವಷ್ಟರಲ್ಲಿ, ಒದ್ದೆ ಕೂದಲು ಗಂಟು ಹಾಕಿಕೊಂಡ ಅಮ್ಮ ತೊಟ್ಟಿಯ ಮುಂದಿದ್ದರು. ನಾನು ಬೆಳಿಗ್ಗೆ ಮರೆತಿದ್ದ ಬಾಟಲಿಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು ಮೊಳೆಗೆ ತೂಗುಹಾಕುತ್ತಿದ್ದರು.

"ಇವತ್ತೂ ಬೇಕಾ ಅಮ್ಮ?" ಅಂದೆ.

"ಅವ್ರಿಗೋಸ್ಕರ ಒಂದು ದಿನ ತಪ್ಪಿಸಿದ್ರೆ ಅವ್ರೇ ಬೈತಿದ್ರು," ಅಂದರು ಅಮ್ಮ. ಆಮೇಲೆ ಗದ್ದವನ್ನು ತೊಟ್ಟಿಯ ಅಂಚಿಗೆ ತಂದು, ಎಡಗಣ್ಣು ಮುಚ್ಚಿ, ನೀರಿನ ಮಟ್ಟ ನೋಡಿದರು. ಮೊದಲ ತೊಟ್ಟು ಬಿತ್ತು. ಕೆಳಗೆ ಹನ್ನೊಂದು ಬಾಯಿಯ ಹವಳ ಬೆರಳೆಲ್ಲ ಬಿಚ್ಚಿಕೊಂಡು ತೂಗುತ್ತಿತ್ತು.